ದಿನಕ್ಕೊಂದು ತಾಸಿನ ಛಲ

ಪರೀಕ್ಷೆಯ ಫಲಿತಾಂಶವು ಪ್ರಕಟವಾದ ದಿನ ನಮ್ಮ ಪರಿಚಯದ ಹೊಟೇಲೊಂದರಲ್ಲಿ ಚಹಾ ತಂದಿಟ್ಟ ಹುಡುಗನ ಮೋರೆ ಬಾಡಿತ್ತು. ವಿಚಾರಿಸಲಾಗಿ, ರಾತ್ರಿಶಾಲೆಯಲ್ಲಿ ಓದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಿದ್ದ ಅವನು ಗಣಿತ, ಇಂಗ್ಲಿಷ್ ಎರಡರಲ್ಲಿಯೂ ಅನುತ್ತೀರ್ಣನಾಗಿದ್ದನು. “ವಿದ್ಯೆ ನಮ್ಮ ಹಣೆಯಲ್ಲಿ ಬರೆದಿಲ್ಲ ಸ್ವಾಮಿ, ಪುಸ್ತಕಗಳನ್ನು ರದ್ದಿಗೆ ಹಾಕುವೆ” ಎಂದನು. ಆ ಮಾತು ನಮ್ಮ ಮನಸ್ಸನ್ನು ಕೊರೆಯುತ್ತಿರುವುದರಿಂದಲೇ ಈ ನಾಲ್ಕು ಸಾಲು.

ಬೆಳಗಿನ ಐದು ಗಂಟೆಗೆ ಒಲೆಯ ಮುಂದೆ ನಿಂತು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಕಲಿತವನನ್ನು ದಡ್ಡನೆಂದು ಹಳಿಯುವುದು ನ್ಯಾಯವಲ್ಲ. ಆದರೆ ಅವನು ಓದಿದ ಕ್ರಮವನ್ನು ಕೇಳಿದಾಗ ನಮಗೆ ಕಾರಣವು ಹೊಳೆಯಿತು. ಎಷ್ಟೋ ತಿಂಗಳು ಪುಸ್ತಕವನ್ನು ತೆರೆದಿರಲಿಲ್ಲ. ಪರೀಕ್ಷೆಗೆ ಮೂರು ವಾರಗಳಿರುವಾಗ ರಾತ್ರಿಯಿಡೀ ನಿದ್ದೆಗೆಟ್ಟು ಓದಿದ್ದನು. ಕೊರತೆಯಾದುದು ಬುದ್ಧಿಯಲ್ಲ, ಬಿಡದೆ ನಡೆಸುವ ಕ್ರಮ.

ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ನೆನಪಿನ ಬಗೆಯನ್ನು ಅಳೆದು 1885ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಕಲಿತುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಮೊದಲ ಒಂದು ತಾಸಿನಲ್ಲಿಯೇ ಜಾರಿಹೋಗುವುದೆಂದು ಅವರು ಕಂಡರು. ಅದಕ್ಕಿಂತಲೂ ನಮ್ಮವರಿಗೆ ಉಪಯುಕ್ತವಾದ ಸಂಗತಿಯೊಂದಿದೆ. ಒಂದೇ ದಿನದಲ್ಲಿ 68 ಸಲ ಓದಿ ಪಡೆದ ಪ್ರಯೋಜನವನ್ನು, ಮೂರು ದಿನಗಳಿಗೆ ಹಂಚಿದಾಗ 38 ಸಲದ ಓದೇ ಒದಗಿಸಿತು. ಹನಿಗೂಡಿದರೆ ಹಳ್ಳ ಎಂಬ ನಮ್ಮ ಹಿರಿಯರ ಮಾತಿಗೆ ಇದು ಲೆಕ್ಕದ ಸಾಕ್ಷಿ. ದುಡಿಯುವ ವಿದ್ಯಾರ್ಥಿಗೆ ಇರುವುದೇ ಅಲ್ಪ ಸಮಯ. ಆದುದರಿಂದ ದಿನಕ್ಕೊಂದು ತಾಸಿನ ನಿಯಮವು ಅವನಿಗೆ ಶ್ರೀಮಂತರ ಮಕ್ಕಳಿಗಿಂತಲೂ ಅಗತ್ಯ.

ಸೋಲಿನ ಮಾತಿಗೆ ಬರೋಣ. ಶ್ರೀನಿವಾಸ ರಾಮಾನುಜನ್ನರು ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಅನುತ್ತೀರ್ಣರಾದವರು. 1912ರಲ್ಲಿ ಅವರು ಮದರಾಸಿನ ಬಂದರು ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರು. ಕೇಂಬ್ರಿಜ್ಜಿನ ಇಬ್ಬರು ಗಣಿತಜ್ಞರಿಗೆ ಬರೆದ ಪತ್ರಗಳಿಂದ ಏನೂ ನೆರವಾಗಲಿಲ್ಲ. ಆದರೂ 1913ರ ಜನವರಿಯಲ್ಲಿ ಹಾರ್ಡಿಯವರಿಗೆ ಬರೆದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಅಂಥ ಪ್ರತಿಭೆಯು ಎಲ್ಲರಿಗೂ ಲಭ್ಯವಲ್ಲವೆಂಬುದು ನಿಜ. ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳನ್ನು ಅಲಕ್ಷಿಸಿದುದೇ ಅವರ ಸೋಲಿಗೆ ಕಾರಣವೆಂಬುದನ್ನೂ ಮರೆಯಲಾಗದು. ಬೇಡವೆನಿಸಿದ ವಿಷಯಕ್ಕೇ ಮೊದಲ ಅರ್ಧ ತಾಸನ್ನು ಕೊಡತಕ್ಕುದು ಎಂಬುದು ಅದರಿಂದ ನಾವು ಕಲಿಯಬೇಕಾದ ಪಾಠ. ಆದರೆ ಅಂಕಪಟ್ಟಿಯೇ ಬಾಳಿನ ಕೊನೆಯ ತೀರ್ಪಲ್ಲವೆಂಬುದಕ್ಕೆ ಆ ಗುಮಾಸ್ತರಿಗಿಂತ ಮೇಲಾದ ನಿದರ್ಶನ ಬೇಕೆ?

ಮತ್ತೆ ಕುಳಿತುಕೊಳ್ಳಲು ಬಾಗಿಲುಗಳೂ ತೆರೆದಿವೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದವರಿಗೆ ಐದು ವರ್ಷಗಳ ಅವಧಿಯಿದೆ. ಅದರೊಳಗೆ ಒಂಬತ್ತು ಅವಕಾಶಗಳು. ಒಂದೊಂದೇ ವಿಷಯವನ್ನು ಮುಗಿಸುತ್ತ ಹೋಗಬಹುದು. ನಿಧಾನವಾಗಿ ನಡೆಯುವವನಿಗೂ ಊರು ಸಿಗುವಂತೆ ಹಾಕಿದ ದಾರಿಯಿದು.

ಆದರೆ ಛಲವೆಲ್ಲ ಹುಡುಗನೊಬ್ಬನ ಕೊರಳಿಗೇ ಕಟ್ಟುವ ಹೊರೆಯಾಗಬಾರದು. ಹೊಟೇಲು ನಡೆಸುವ ಮಾಲಕರಲ್ಲಿ ನಮ್ಮ ವಿನಂತಿ: ಓದುವ ಕೆಲಸಗಾರನನ್ನು ಶಾಲೆಯ ವೇಳೆಗೆ ಗಲ್ಲೆಯ ಗಿರಾಕಿಗಳಿಗಾಗಿ ತಡೆಯದಿರಿ. ಕೋಣೆಯ ಸಂಗಾತಿಗಳಾದ ಗುಮಾಸ್ತ ಬಂಧುಗಳಲ್ಲಿ ಇನ್ನೊಂದು: ರಾತ್ರಿ ಒಂದು ತಾಸು ದೀಪವನ್ನು ಉರಿಯಗೊಡಿ, ನಿಮಗೆ ಬರುವ ಇಂಗ್ಲಿಷಿನಲ್ಲಿ ಒಂದು ಪುಟವನ್ನು ಅವನಿಗೆ ಹೇಳಿಕೊಡಿ. ಪರವೂರಿನಲ್ಲಿ ತಂದೆತಾಯಿಗಳ ಸ್ಥಾನದಲ್ಲಿರುವವರು ನಾವಲ್ಲದೆ ಮತ್ತಾರು?

ಮೊನ್ನೆ ಅದೇ ಹೊಟೇಲಿಗೆ ಹೋಗಿದ್ದೆವು. ಪುಸ್ತಕಗಳು ರದ್ದಿಗೆ ಹೋಗಿಲ್ಲ, ಟ್ರಂಕಿನಲ್ಲಿಯೇ ಇವೆಯಂತೆ. “ಗಣಿತವನ್ನು ಮೊದಲು ನೋಡುತ್ತೇನೆ” ಎಂದು ಹುಡುಗ ಮೆಲ್ಲನೆ ಹೇಳಿ, ಲೋಟಗಳನ್ನೆತ್ತಿಕೊಂಡು ಒಳಗೆ ನಡೆದನು.