ಕೊರಾಡಿ: ಬೂದಿಗೆ ಗಿರಾಕಿ ಹುಡುಕುವ ಊರು

ಜಗದಂಬೆಯ ಗುಡಿಗೆ ಹೆಸರಾದ ಕೊರಾಡಿ ನಾಗಪುರದ ಉತ್ತರಕ್ಕಿದೆ. ದೇವಿಯ ದರ್ಶನಕ್ಕೆ ಹೊರಟವರಿಗೆ ಮೊದಲು ದರ್ಶನ ಕೊಡುವುದು ಮಹಾರಾಷ್ಟ್ರ ಸರ್ಕಾರದ ವಿದ್ಯುತ್ ಕಂಪನಿ ಮಹಾಜೆನ್ಕೊದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು. ಇಲ್ಲಿ 660 ಮೆಗಾವಾಟ್‌ನ ಮೂರು ಘಟಕಗಳಿವೆ. ಹತ್ತಿರದ ಖಾಪರಖೇಡಾ ಸ್ಥಾವರದ್ದು ಬೇರೆ 1,340 ಮೆಗಾವಾಟ್. ನಮ್ಮ ಕಲ್ಲಿದ್ದಲು ಉರಿದರೆ ಸುಮಾರು ಮೂರನೇ ಒಂದು ಪಾಲು ಬೂದಿಯೇ ಉಳಿಯುತ್ತದೆ. ರಾಯಚೂರಿನ ಶಕ್ತಿನಗರ ಕಂಡವರಿಗೆ ಹಾರುಬೂದಿಯ ಕಾಟವನ್ನು ಬಿಡಿಸಿ ಹೇಳಬೇಕಿಲ್ಲ.

ಒಬ್ಬರ ಕಸ ಇನ್ನೊಬ್ಬರ ಕಚ್ಚಾವಸ್ತು ಆಗುವುದು ಇಲ್ಲಿ ಹೊಸತಲ್ಲ. ನಾಗಪುರದ ಚರಂಡಿ ನೀರು ಭಾಂಡೇವಾಡಿಯಲ್ಲಿ ಶುದ್ಧಗೊಂಡು ಕೊರಾಡಿಗೆ ಬರುತ್ತದೆ. ಯೋಜನೆಯ ಅಳತೆ ದಿನಕ್ಕೆ 13 ಕೋಟಿ ಲೀಟರ್. ಈ ಕೊಡುಕೊಳ್ಳುವಿಕೆಗೆ ಕಾರಣ ನೀರಿನ ಅಭಾವ.

ಬೂದಿಯ ಕಥೆ ಇಷ್ಟು ಸಲೀಸಲ್ಲ. ಪೋಜೊಲಾನಾ ಸಿಮೆಂಟಿಗೆ ಶೇ 35ರವರೆಗೆ ಹಾರುಬೂದಿ ಬೆರೆಸಬಹುದು. ಬೆರೆಸಿದಷ್ಟೂ ಸುಣ್ಣಕಲ್ಲು ಸುಟ್ಟು ಕ್ಲಿಂಕರ್ ಮಾಡುವುದು ತಪ್ಪುತ್ತದೆ, ಇಂಗಾಲದ ಹೊರಸೂಸುವಿಕೆಯೂ ತಗ್ಗುತ್ತದೆ. ಆದರೆ ವಿದರ್ಭದ ದೊಡ್ಡ ಸಿಮೆಂಟ್ ಕಾರ್ಖಾನೆಗಳಿರುವುದು ಸುಮಾರು 150 ಕಿ.ಮೀ. ದೂರದ ಚಂದ್ರಪುರದ ಕಡೆ. ಅಲ್ಲಿ ಅವುಗಳ ಬಗಲಿಗೇ ಒಂದು ಭಾರೀ ಉಷ್ಣ ಸ್ಥಾವರವಿದೆ. ಮನೆ ಮುಂದೆಯೇ ಸಿಗುವುದನ್ನು ಲಾರಿ ಬಾಡಿಗೆ ಕೊಟ್ಟು ತರಿಸುವವರು ಯಾರು?

ಬಾಡಿಗೆಯ ಈ ಲೆಕ್ಕವನ್ನು ತೆರಿಗೆಯಾದರೂ ಬದಲಿಸಬಹುದಿತ್ತು; ಆದರೆ ಇಂಗಾಲ ತೆರಿಗೆಯ ಹೆಸರಿನ ತೆರಿಗೆ ನಮ್ಮಲ್ಲಿಲ್ಲ. ಅದಕ್ಕೆ ಹತ್ತಿರದ್ದು ಕಲ್ಲಿದ್ದಲು ಸೆಸ್. 2010ರಲ್ಲಿ ಟನ್ನಿಗೆ 50 ರೂಪಾಯಿ ಇದ್ದದ್ದು 2016ರಲ್ಲಿ 400 ಆಯಿತು. ಮರುವರ್ಷ ಜಿಎಸ್‌ಟಿ ಪರಿಹಾರ ಸೆಸ್ಸಿನೊಳಗೆ ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಅದೂ ಹೋಗಿ, ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ಈ ಸೆಸ್ಸಿಗೆ ಬೂದಿಯ ಗೊಡವೆ ಇರಲಿಲ್ಲ: ಬೂದಿ ಮಾರಿದವನೂ ಕೊಳಕ್ಕೆ ಸುರಿದವನೂ ಟನ್ನಿಗೆ ತೆತ್ತದ್ದು ಅಷ್ಟೇ.

ಸ್ಥಾವರಗಳಿಗೆ ನಿಜವಾಗಿ ಬಿಸಿ ಮುಟ್ಟಿಸಬಲ್ಲದ್ದು 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆ. ಅದರಂತೆ ನಿಗದಿತ ಮಟ್ಟಕ್ಕಿಂತ ಕಡಿಮೆ ಬಳಕೆಯಾದರೆ, ಕೊರತೆಯ ಪ್ರತಿ ಟನ್ ಬೂದಿಗೆ 1,000 ರೂಪಾಯಿ ದಂಡ. ಬಳಕೆಯಾಗದ ಬೂದಿಯ ಅಪಾಯ ಬೇಗನೆ ಕಂಡಿತು: ಮರುವರ್ಷದ ಜುಲೈ ಮಳೆಗೆ ಕೊರಾಡಿಯ ಖಸಾಳಾ ಬೂದಿ ಕೊಳದ ಒಡ್ಡು ಒಡೆದು, ರಾಡಿ ಹೊಲಗಳಿಗೂ ನದಿಗೂ ನುಗ್ಗಿತು. ಕೊಳದಲ್ಲಿ ಬಿದ್ದ ಬೂದಿ ಸುಮ್ಮನೆ ಬಿದ್ದಿರುವುದಿಲ್ಲ.

ಈಗ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಬಂದಿದೆ. ಸಿಮೆಂಟಿಗೆ ಹೊರಸೂಸುವಿಕೆಯ ಗುರಿ ನಿಗದಿಯಾಗಿದೆ; ಕ್ಲಿಂಕರ್ ಕಡಿಮೆ ಮಾಡಿ ಗುರಿಗಿಂತಲೂ ಕಡಿಮೆ ಹೊರಸೂಸಿದವರಿಗೆ ಮಾರಬಲ್ಲ ಕ್ರೆಡಿಟ್ ಸಿಗುತ್ತದೆ. ಬೂದಿ ಕೊಟ್ಟ ಸ್ಥಾವರಕ್ಕೆ ಅದರಲ್ಲಿ ಪಾಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಅರ್ಧ ನ್ಯಾಯ. ಆ ಹಣದ ಒಂದಂಶವಾದರೂ ಬೂದಿ ಸಾಗಣೆಯ ವೆಚ್ಚಕ್ಕೆ ಸಲ್ಲುವಂತೆ ಕೇಂದ್ರ ಸರ್ಕಾರ ನಿಯಮ ಮಾಡಬೇಕು.