ಅಡಿಕೆಯ ದ್ವೀಪದಲ್ಲಿ ಬೆನ್ನುಚೀಲದ ಪ್ರವಾಸ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೋಶವನ್ನೋದುವುದೇ ವೃತ್ತಿಯಾಗಿದ್ದ ನಮ್ಮಂಥ ಉಪಾಧ್ಯಾಯರಿಗೆ ಆ ಗಾದೆಯ ಮೊದಲರ್ಧವು ವಿಶ್ರಾಂತಿವೇತನ ದೊರೆಯಲಾರಂಭಿಸಿದ ಮೇಲೆಯೇ ನೆನಪಿಗೆ ಬರುವುದು. ಆದರೆ ದೇಶ ಸುತ್ತುವುದೆಂದರೆ ಬಹುಮಂದಿ ಗೃಹಸ್ಥರ ಮನಸ್ಸಿಗೆ ತೋರುವುದು ಎರಡೇ ಬಗೆ. ಪ್ರವಾಸದ ಏಜೆಂಟರ ಬಸ್ಸಿನಲ್ಲಿ ಕುಳಿತು, ಇಳಿಯೆಂದಲ್ಲಿ ಇಳಿದು, ಹತ್ತೆಂದಲ್ಲಿ ಹತ್ತಿ ಹಿಂದಿರುಗುವುದು ಒಂದು. ಮಕ್ಕಳು ನೆಲೆಸಿರುವ ಪರದೇಶಕ್ಕೆ ಹೋಗಿ ಅವರ ಮನೆಯೊಳಗೆ ಆರು ತಿಂಗಳು ಕುಳಿತು ಬರುವುದು ಇನ್ನೊಂದು. ಮೂರನೆಯ ಬಗೆಯೂ ಉಂಟು. ತನಗೆ ಬೇಕಾದಷ್ಟನ್ನು ಮಾತ್ರ ಒಂದೇ ಚೀಲದಲ್ಲಿ ತುಂಬಿ, ಅದನ್ನು ತನ್ನ ಬೆನ್ನ ಮೇಲೆಯೇ ಹೊತ್ತು, ಅಗ್ಗದ ಬಿಡಾರಗಳಲ್ಲಿ ತಂಗುತ್ತ, ಕಾಲ್ನಡೆಯಿಂದಲೂ ಸಾರ್ವಜನಿಕ ವಾಹನಗಳಿಂದಲೂ ಊರನ್ನು ನೋಡುವುದು. ಇದನ್ನು ಜನರು ತರುಣರ ಹವ್ಯಾಸವೆಂದು ಬಗೆಯುವರು. ನಾವು ಅರವತ್ತರ ಹೊಸ್ತಿಲಲ್ಲಿ ನಿಂತು, ಈ ಬಗೆಯಲ್ಲಿ ಮಲೇಷ್ಯಾ ದೇಶದ ಪೆನಾಂಗ್ ದ್ವೀಪದ ಜಾರ್ಜ್‌ಟೌನ್ ನಗರದಲ್ಲಿ ಎಂಟು ದಿನಗಳಿದ್ದು ಬಂದೆವು. ಅಲ್ಲಿ ಕಂಡುದನ್ನೂ, ಅದಕ್ಕಿಂತ ಮಿಗಿಲಾಗಿ ಅಲ್ಲಿ ನಮ್ಮ ಮನಸ್ಸಿನಲ್ಲಿ ಹುಟ್ಟಿದ ಒಂದು ಪ್ರಶ್ನೆಯನ್ನೂ ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಶಾಸ್ತ್ರಗಳು ಅತಿಥಿಯನ್ನು ಸತ್ಕರಿಸುವ ಬಗೆಯನ್ನು ವಿಸ್ತಾರವಾಗಿ ಹೇಳಿವೆ. ಆದರೆ ಹಣ ಕೊಟ್ಟು ಅತಿಥಿಯಾದವನ ಧರ್ಮವೇನು? ಹಣವನ್ನು ಎಣಿಸಿಕೊಟ್ಟ ಕೂಡಲೇ ಅವನ ಋಣವು ತೀರುವುದೇ? ಇದೇ ಆ ಪ್ರಶ್ನೆ.

ಮೊದಲು ಸ್ಥಳದ ಪರಿಚಯವಾಗಲಿ. ಪೆನಾಂಗ್ ದ್ವೀಪವು ಮಲಕ್ಕಾ ಜಲಸಂಧಿಯ ಉತ್ತರದ ಬಾಯಲ್ಲಿ, ವಿಷುವದ್ರೇಖೆಗೆ ಉತ್ತರಕ್ಕೆ 5 ಡಿಗ್ರಿಗಳಿಗಿಂತ ತುಸು ಮೇಲೆ ಇರುತ್ತದೆ. ಮಲಯ ಭಾಷೆಯಲ್ಲಿ ‘ಪುಲಾವ್’ ಎಂದರೆ ದ್ವೀಪ, ‘ಪಿನಾಂಗ್’ ಎಂದರೆ ಅಡಿಕೆ. ಶಿರಸಿ, ಸಾಗರ, ತೀರ್ಥಹಳ್ಳಿಗಳ ತೋಟಿಗರಿಗೆ ಅಡಿಕೆಯ ಹೆಸರನ್ನೇ ಹೊತ್ತ ಈ ದ್ವೀಪವು ಪರದೇಶವೆಂದು ತೋರಲಾರದು. 1786ರ ಆಗಸ್ಟ್ 11ರಂದು ಫ್ರಾನ್ಸಿಸ್ ಲೈಟ್ ಎಂಬ ಇಂಗ್ಲಿಷ್ ವರ್ತಕನು ಕೆಡಾ ಸುಲ್ತಾನನಿಗೆ ಸೇರಿದ್ದ ಈ ದ್ವೀಪದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಧ್ವಜವನ್ನೇರಿಸಿದನು. ಅಂದಿನ ದೊರೆಯಾದ ಮೂರನೆಯ ಜಾರ್ಜನ ಹೆಸರನ್ನೇ ಊರಿಗಿಟ್ಟರು. ಸುಂಕವಿಲ್ಲದ ಬಂದರೆಂಬ ಸುದ್ದಿ ಹಬ್ಬಿದೊಡನೆಯೇ ಚೀನೀಯರು, ಚೋಳಮಂಡಲ ತೀರದ ತಮಿಳರು, ಅರಬ್ಬರು, ಆರ್ಮೇನಿಯರು, ಬರ್ಮೀಯರು ಬಂದು ನೆಲೆಸಿದರು. 2008ರಲ್ಲಿ ಯುನೆಸ್ಕೋ ಸಂಸ್ಥೆಯು ಈ ನಗರವನ್ನು ಮಲಕ್ಕಾ ನಗರದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕ್ವಾಲಾಲಂಪುರದಿಂದ ವಿದ್ಯುತ್ ರೈಲಿನಲ್ಲಿ ಸುಮಾರು 4 ಗಂಟೆಗಳ ಪ್ರಯಾಣಮಾಡಿದರೆ ಬಟರ್‌ವರ್ತ್ ಎಂಬ ನಿಲ್ದಾಣವು ಬರುವುದು. ಅಲ್ಲಿಂದ ದೋಣಿಯ ಕಟ್ಟೆಗೆ ನಡೆದೇ ಹೋಗಬಹುದು. 1985ರಲ್ಲಿ ತೆರೆದ 13½ ಕಿಲೋಮೀಟರ್ ಉದ್ದದ ಸೇತುವೆಯೂ ಉಂಟು; ಆದರೆ ಸಮುದ್ರದ ಊರನ್ನು ಸಮುದ್ರದ ಮೂಲಕವೇ ಪ್ರವೇಶಿಸುವುದು ಲೇಸು.

ಇನ್ನು ಚೀಲದ ವಿಚಾರ. ನಾವು ಹೊರಟುನಿಂತಾಗ ಮನೆಯಲ್ಲಿ ಆಕ್ಷೇಪವು ಎದ್ದುದು ಖರ್ಚಿನ ಕಾರಣದಿಂದಲ್ಲ. ಮೂವತ್ತು ವರ್ಷ ಪಾಠ ಹೇಳಿದವರು ಕೂಲಿಯವನಂತೆ ಬೆನ್ನ ಮೇಲೆ ಮೂಟೆ ಹೊತ್ತು ನಡೆಯಬಹುದೇ ಎಂದು. ನಮ್ಮ ಭಾರವನ್ನು ಇನ್ನೊಬ್ಬನ ಬೆನ್ನಿಗೇರಿಸುವುದರಲ್ಲಿ ಯಾವ ಮರ್ಯಾದೆಯಿದೆ ಎಂದು ನಾವು ಉತ್ತರವಿತ್ತೆವು. ವಿಮಾನದೊಳಗೆ ಜೊತೆಯಲ್ಲೊಯ್ಯುವ ಗಂಟಿಗೆ ಅನೇಕ ಕಂಪನಿಗಳು 7 ಕಿಲೋಗ್ರಾಮಿನ ಮಿತಿಯನ್ನಿಟ್ಟಿವೆ. ಅರವತ್ತು ವಯಸ್ಸಿನ ಬೆನ್ನಿಗೂ ಅದೇ ತಕ್ಕ ಮಿತಿ. ಭಾರವು ಹೆಗಲಿನ ಮೇಲೆ ಜೋಲದೆ ಸೊಂಟದ ಮೇಲೆ ನಿಲ್ಲುವಂತೆ ನಡುಪಟ್ಟಿಯುಳ್ಳ ಚೀಲವನ್ನೇ ಆರಿಸಬೇಕು. ತೂಕದ ವಸ್ತುಗಳನ್ನು ಬೆನ್ನೆಲುಬಿಗೆ ಸಮೀಪವಾಗಿ ಇಡಬೇಕು. ಎರಡು ಜೊತೆ ತೆಳುವಾದ ಉಡುಪು, ಒಂದು ಪಂಚೆ, ಒಂದು ವಸ್ತ್ರ, ಛತ್ರಿ, ಬಟ್ಟೆ ಒಣಗಿಸಲು ಒಂದು ಮಾರು ಹಗ್ಗ, ವೈದ್ಯರ ಚೀಟಿಯೊಡನೆ ನಿತ್ಯದ ಔಷಧಿ, ಪಾಸ್‌ಪೋರ್ಟ್ ಮತ್ತು ಅದರ ಪ್ರತಿ, ಇಷ್ಟು ಸಾಕು. ಅಲ್ಲಿನ ಗಾಳಿಯಲ್ಲಿ ತೇವವು ಹೆಚ್ಚಾದುದರಿಂದ ದಪ್ಪ ಬಟ್ಟೆಯು ಒಂದು ರಾತ್ರಿಯಲ್ಲಿ ಒಣಗದು. ಮಧ್ಯಾಹ್ನದ ಬಿಸಿಲಿನಲ್ಲಿ ಅಲೆಯುವುದು ಅವಿವೇಕ. ಪ್ರಾತಃಕಾಲದಲ್ಲಿಯೂ ಸಾಯಂಕಾಲದಲ್ಲಿಯೂ ನಡೆದು, ನಡುಹಗಲಿನಲ್ಲಿ ವಿಶ್ರಮಿಸುವುದೇ ಅಲ್ಲಿಯ ಕ್ರಮ.

ಅಲ್ಪ ವೆಚ್ಚದ ಪ್ರವಾಸಿಗರು ತಂಗುವ ಬಿಡಾರಗಳು ಚೂಲಿಯಾ ಬೀದಿಯಲ್ಲಿಯೂ ಅದಕ್ಕೆ ಸೇರಿದ ಓಣಿಗಳಲ್ಲಿಯೂ ಹೆಚ್ಚಾಗಿವೆ. ಚೋಳಮಂಡಲ ತೀರದಿಂದ ಬಂದ ತಮಿಳು ಮುಸಲ್ಮಾನ ವರ್ತಕರನ್ನು ಚೂಲಿಯಾ ಎಂದು ಕರೆಯುತ್ತಿದ್ದರು. ಈ ಬಿಡಾರಗಳೆಲ್ಲ ಪೂರ್ವದಲ್ಲಿ ಅಂಗಡಿಮನೆಗಳು: ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಬೀದಿಯ ಕಡೆಗೆ ಅಗಲವು ಕಿರಿದು, ಒಳಕ್ಕೆ ಉದ್ದವು ಬಹಳ. ನಡುವೆ ಬೆಳಕು ಗಾಳಿಗಳಿಗಾಗಿ ಆಕಾಶಕ್ಕೆ ತೆರೆದ ಒಂದು ಅಂಗಳವಿರುವುದು. ಅದನ್ನು ಕಂಡೊಡನೆ ನಮ್ಮ ತೊಟ್ಟಿಯ ಮನೆಗಳ ನೆನಪಾಗದಿರದು. ಮುಂಭಾಗದಲ್ಲಿ ಮನೆಯಿಂದ ಮನೆಗೆ ಸಾಲಾಗಿ ಸಾಗುವ ಮಾಡಿನ ಕೆಳಗಿನ ಜಗಲಿಯನ್ನು ‘ಕಾಕಿ ಲೀಮಾ’, ಅಂದರೆ ‘ಐದಡಿ’, ಎನ್ನುವರು. ಬಿಸಿಲಾಗಲಿ ಮಳೆಯಾಗಲಿ, ದಾರಿಹೋಕನು ನೆನೆಯದೆ ಬಳಲದೆ ನಡೆಯಲೆಂದು ಪ್ರತಿಯೊಬ್ಬ ಮನೆಯೊಡೆಯನೂ ಬಿಟ್ಟುಕೊಟ್ಟ ಐದಡಿ ನೆಲವದು. ಅಪರಿಚಿತನಿಗಾಗಿ ಊರಿಗೆ ಊರೇ ಮಾಡಿದ ಇಂಥ ಏರ್ಪಾಡು ಆತಿಥ್ಯವಲ್ಲದೆ ಮತ್ತೇನು?

ಬಿಡಾರಗಳ ವಿಷಯದಲ್ಲಿ ಸಂಸ್ಕೃತವನ್ನು ಓದಿದವರಿಗೆ ಒಂದು ವಿನೋದವು ಕಾದಿರುತ್ತದೆ. ಮಲಯ ಭಾಷೆಯಲ್ಲಿ ವಿದ್ಯಾರ್ಥಿನಿಲಯಕ್ಕೆ ‘ಆಸ್ರಮ’ ಎಂದು ಹೆಸರು. ಅದು ನಮ್ಮ ಆಶ್ರಮವೇ ಸರಿ. ಉಪವಾಸವು ಅಲ್ಲಿ ‘ಪುವಾಸ’ ಆಗಿದೆ, ಅರ್ಘವು ‘ಹರ್ಗ’ ಎಂಬ ರೂಪದಿಂದ ಬೆಲೆಯೆಂಬ ಅರ್ಥವನ್ನು ಉಳಿಸಿಕೊಂಡಿದೆ. ಬುದ್ಧಿ ಮತ್ತು ಭಾಷೆ ಎಂಬೆರಡು ಶಬ್ದಗಳು ಕೂಡಿ ‘ಬುದಿ ಬಹಾಸ’ ಎಂದಾಗಿ, ಸೌಜನ್ಯವೆಂಬ ಅರ್ಥವನ್ನು ಪಡೆದಿವೆ. ಒಳ್ಳೆಯ ಬುದ್ಧಿಯೂ ಒಳ್ಳೆಯ ಮಾತೂ ಸೇರಿದರೆ ಸೌಜನ್ಯವೆಂಬುದನ್ನು ಇದಕ್ಕಿಂತ ಅಂದವಾಗಿ ಯಾವ ನಿಘಂಟು ಹೇಳೀತು?

ಈ ಶಬ್ದಗಳು ಸಮುದ್ರವನ್ನು ದಾಟಿದ ಬಗೆಗೆ ಸಾಕ್ಷಿಯೊಂದು ದೊರೆತಿದೆ. ದ್ವೀಪದ ಎದುರಿನ ದಡದ ಪ್ರಾಂತದಲ್ಲಿ 1834ರಲ್ಲಿ ಜೇಮ್ಸ್ ಲೋ ಎಂಬ ಅಧಿಕಾರಿಗೆ ಸಂಸ್ಕೃತದ ಶಾಸನವಿರುವ ಒಂದು ಕಲ್ಲು ಸಿಕ್ಕಿತು. ಸುಮಾರು ಐದನೆಯ ಶತಮಾನದ ಆ ಬರಹದಲ್ಲಿ ವಂಗದೇಶದ ರಕ್ತಮೃತ್ತಿಕೆಯ ನಿವಾಸಿಯಾದ ಬುದ್ಧಗುಪ್ತನೆಂಬ ಮಹಾನಾವಿಕನ ಹೆಸರೂ, ಯಾತ್ರೆಯು ಸಿದ್ಧಿಸಲೆಂಬ ಹಾರೈಕೆಯೂ ಇವೆ. ಅದು ಈಗ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದೆ. ಸಾವಿರದೈನೂರು ವರ್ಷಗಳ ಹಿಂದೆ ಈ ತೀರಕ್ಕೆ ಬಂದವನು ಬಿಟ್ಟುಹೋದುದು ಒಂದು ಪ್ರಾರ್ಥನೆಯನ್ನು. ಈಗ ಬರುವವರು ಏನನ್ನು ಬಿಟ್ಟುಹೋಗುತ್ತಿದ್ದೇವೆ?

ಊರನ್ನು ನೋಡಲು ಕಾಲುಗಳೇ ಸಾಕು. ಒಂದೇ ಬೀದಿಯ ಆಸುಪಾಸಿನಲ್ಲಿ 1818ರ ಸೇಂಟ್ ಜಾರ್ಜ್ ಇಗರ್ಜಿ, ಚೀನೀಯರ ಕರುಣಾದೇವಿ ಕ್ವಾನ್ ಯಿನ್ನಳ ಗುಡಿ, 1833ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ದೇವಸ್ಥಾನ, ಕಪಿತಾನ್ ಕೆಲಿಂಗ್ ಮಸೀದಿ ಇವೆಲ್ಲ ಒಂದು ಪ್ರಾತಃಕಾಲದಲ್ಲಿ ನೋಡುವಷ್ಟು ಸಮೀಪದಲ್ಲಿವೆ. ಗಂಟೆ, ಅಗರಬತ್ತಿ, ಅಜಾನ್ ಇವುಗಳಲ್ಲಿ ಯಾವುದೂ ಮತ್ತೊಂದಕ್ಕೆ ಅಡ್ಡಬಂದಂತೆ ನಮಗೆ ಕಾಣಲಿಲ್ಲ. ಕೆಲಿಂಗ್ ಎಂಬುದು ಕಳಿಂಗ ಶಬ್ದದಿಂದ ಬಂದು, ಪೂರ್ವದಲ್ಲಿ ಭಾರತದಿಂದ ಬಂದವರಿಗೆಲ್ಲ ಸಾಧಾರಣವಾದ ಹೆಸರಾಗಿತ್ತು. ಈಗ ಅದರಿಂದ ಯಾರನ್ನಾದರೂ ಕರೆಯುವುದು ನಿಂದೆಯೆನಿಸುವುದರಿಂದ ಪ್ರವಾಸಿಗರು ಎಚ್ಚರದಿಂದಿರಬೇಕು. ಊರ ಹಿಂದಿನ ಬೆಟ್ಟಕ್ಕೆ 1923ರಲ್ಲಿ ಹಾಕಿದ ಹಗ್ಗದ ರೈಲು 2011ರಲ್ಲಿ ನವೀಕೃತವಾಗಿ ಓಡುತ್ತಿದೆ. ಅದರ ಬುಡದವರೆಗೆ ನಗರದ ಬಸ್ಸು ಹೋಗುವುದು.

ಊಟದ ಚಿಂತೆಯು ಶಾಕಾಹಾರಿಗಳಿಗೂ ಬೇಡ. ತಮಿಳರ ಬೀದಿಗಳಲ್ಲಿ ಬಾಳೆಯೆಲೆಯ ಊಟವೂ ಇಡ್ಲಿದೋಸೆಗಳೂ ದೊರೆಯುವುವು. ಆ ಊರಿನ ಹೆಸರಾಂತ ‘ನಾಸಿ ಕಂದರ್’ ಮಾಂಸಾಹಾರಿಗಳದಾದರೂ, ಅದರ ಹೆಸರಿನ ಮೂಲವು ತಿಳಿಯತಕ್ಕದ್ದು. ನಾಸಿ ಎಂದರೆ ಅನ್ನ. ಕಂದರ್ ಎಂದರೆ ಹೆಗಲ ಮೇಲಿನ ಅಡ್ಡೆ. ಅಡ್ಡೆಯ ಒಂದು ತುದಿಗೆ ಅನ್ನದ ಪಾತ್ರೆ, ಇನ್ನೊಂದು ತುದಿಗೆ ಸಾರಿನ ಪಾತ್ರೆ ಕಟ್ಟಿಕೊಂಡು ತಮಿಳು ಮುಸಲ್ಮಾನರು ಬೀದಿ ಬೀದಿ ತಿರುಗಿ ಕೂಲಿಗಳಿಗೆ ಅನ್ನ ಮಾರುತ್ತಿದ್ದರು. ಬೆನ್ನಿನ ಮೇಲೆ ಏಳು ಕಿಲೋಗ್ರಾಮು ಹೊತ್ತು ಹೆಮ್ಮೆಪಡುವ ಪ್ರವಾಸಿಗನು ಈ ಹೆಸರನ್ನು ಕೇಳಿದಾಗ ಸ್ವಲ್ಪ ತಲೆಬಾಗುವುದು ಯುಕ್ತ.

ನಾವು ತಂಗಿದ್ದ ಬಿಡಾರದಿಂದ ನಾಲ್ಕಾರು ಬಾಗಿಲುಗಳಾಚೆ, ನಮ್ಮದೇ ವಯಸ್ಸಿನ ಚೀನೀ ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು ಬೆತ್ತದ ಕುರ್ಚಿಗಳನ್ನು ಹೆಣೆಯುತ್ತಿದ್ದರು. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅವರಿಗೆ ಚೆನ್ನಾಗಿ ಬರುತ್ತಿತ್ತು. ನಾವು ಉಪಾಧ್ಯಾಯರಾಗಿದ್ದೆವೆಂದು ತಿಳಿದಂದಿನಿಂದ ನಮ್ಮನ್ನು ‘ಚಿಕ್‌ಗು’ ಎಂದು ಕರೆಯಲಾರಂಭಿಸಿದರು. ಗುರುಶಬ್ದವು ಮಲಯದಲ್ಲಿ ತಳೆದ ಗೌರವದ ರೂಪವದು. ಒಂದು ದಿನ ಅವರು ಕೈಕೆಲಸವನ್ನು ನಿಲ್ಲಿಸದೆಯೇ ಹೇಳಿದರು: “ಚಿಕ್‌ಗು, ಮೊದಲು ಈ ಸಾಲಿನಲ್ಲಿ ಬೆಳಗಾಯಿತೆಂದರೆ ಹುಡುಗರು ಶಾಲೆಗೆ ಹೊರಡುವ ಗದ್ದಲ. ಈಗ ಕೇಳುವುದು ಪೆಟ್ಟಿಗೆಗಳ ಗಾಲಿಯ ಸದ್ದು. ನಿಮ್ಮ ಚೀಲಕ್ಕೆ ಗಾಲಿಯಿಲ್ಲ, ಅಷ್ಟು ಪುಣ್ಯ.” ನಾವಿಬ್ಬರೂ ನಕ್ಕೆವು. ಆದರೆ ಆ ಸಾಲಿನುದ್ದಕ್ಕೂ ನೋಡಲಾಗಿ, ಮಕ್ಕಳ ಬಟ್ಟೆ ಒಣಗುತ್ತಿದ್ದುದು ಅವರ ಮನೆಯ ಕಿಟಕಿಯಲ್ಲಿ ಮಾತ್ರ.

ಇದರ ಕಾರಣವನ್ನು ತಿಳಿಯುವುದು ಅಗತ್ಯ. 1966ರ ಬಾಡಿಗೆ ನಿಯಂತ್ರಣ ಶಾಸನದ ಬಲದಿಂದ ಹಳೆಯ ಮನೆಗಳಲ್ಲಿ ಬಡ ಕುಟುಂಬಗಳು ಅಲ್ಪ ಬಾಡಿಗೆಗೆ ಬಹುಕಾಲ ವಾಸಿಸಿದ್ದುವು. 1997ರಲ್ಲಿ ಅದನ್ನು ರದ್ದುಗೊಳಿಸಲಾಗಿ, 2000ದ ಆರಂಭದಿಂದ ಬಾಡಿಗೆಗಳಿಗೆ ಕಟ್ಟು ತಪ್ಪಿತು. ಅನೇಕರು ಮನೆ ಬಿಟ್ಟು ಊರ ಹೊರಕ್ಕೆ ಹೋದರು. ತರುವಾಯ 2008ರ ಕೀರ್ತಿಯು ಬಂದಿತು. ಅದರ ಬೆನ್ನಿಗೇ 2012ರಲ್ಲಿ ಲಿಥುವೇನಿಯಾದ ಚಿತ್ರಕಾರ ಅರ್ನೆಸ್ಟ್ ಜಕರೆವಿಚ್ ಗೋಡೆಗಳ ಮೇಲೆ ಬರೆದ ಮಕ್ಕಳ ಚಿತ್ರಗಳನ್ನು ನೋಡಲು ಜನಜಂಗುಳಿಯು ಸೇರಿತು. ಬರಿದಾದ ಮನೆಗಳು ಒಂದೊಂದಾಗಿ ಕಾಫಿಯಂಗಡಿಗಳೂ ಬಿಡಾರಗಳೂ ಆದುವು. ಸೈಕಲ್ಲಿನ ಮೇಲೆ ನಗುವ ಮಕ್ಕಳು ಗೋಡೆಯಲ್ಲಿ ಉಳಿದರು. ಮನೆಯೊಳಗಿನ ಮಕ್ಕಳಲ್ಲಿ ಬಹುಮಂದಿ ಬೇರೆಡೆಗೆ ಹೋಗಿದ್ದರು.

ಇದನ್ನು ನಾವು ಬಿಡಾರದ ಮೇಲ್ವಿಚಾರಕಿಯ ಮುಂದೆ ಪ್ರಸ್ತಾಪಿಸಿದೆವು. ಆಕೆಯ ಉತ್ತರವೂ ತೂಕದ್ದೇ: “ನಿಮ್ಮಂಥವರು ಬಾರದಿದ್ದರೆ ಈ ಮನೆಯ ಹಂಚು ಬಿದ್ದು, ಮಳೆ ಸುರಿದು, ಗೋಡೆಯೂ ಉಳಿಯುತ್ತಿರಲಿಲ್ಲ. ನನಗೂ ಈ ಊರಿನಲ್ಲಿ ಕೆಲಸವಿರುತ್ತಿರಲಿಲ್ಲ.” ಇಬ್ಬರ ಮಾತೂ ಸತ್ಯವಾಗಿರುವಾಗ, ಪ್ರವಾಸಿಗನು ಬರಲೇಬಾರದೆಂದು ಹೇಳುವುದು ನ್ಯಾಯವಲ್ಲ, ಹಣ ಕೊಟ್ಟೆನಾದ್ದರಿಂದ ನನಗೆ ಯಾವ ಕಟ್ಟೂ ಇಲ್ಲವೆನ್ನುವುದಂತೂ ಅದಕ್ಕಿಂತಲೂ ಅನ್ಯಾಯ. ಹಣದಿಂದ ಹಾಸಿಗೆಯ ಋಣ ತೀರುವುದು, ನೆರೆಯ ಋಣ ತೀರದು.

ಹಾಗಾದರೆ ಗೃಹಸ್ಥನಾದ ಪ್ರವಾಸಿಗನು ಮಾಡತಕ್ಕದ್ದೇನು? ಸಮುದ್ರದ ಮೇಲೆ ಮರದ ಕಂಬಗಳನ್ನು ನೆಟ್ಟು ಚೀನೀ ಕುಲಗಳವರು ಕಟ್ಟಿಕೊಂಡಿರುವ ಹಲಗೆಯ ಬೀದಿಗಳಲ್ಲಿ, ಮುಖ್ಯವಾಗಿ ಚ್ಯೂ ಕುಲದವರ ಕಟ್ಟೆಯಲ್ಲಿ, ಕೆಲವು ಬಾಗಿಲುಗಳ ಮೇಲೆ ಛಾಯಾಚಿತ್ರ ತೆಗೆಯಬಾರದೆಂಬ ಫಲಕಗಳಿವೆ. ಅದನ್ನು ಓದುವ ಅಗತ್ಯವೇ ಬೀಳದಂತೆ ನಡೆಯುವುದು ಮೊದಲನೆಯದು. ನಮ್ಮ ಮನೆಯ ನಡುಮನೆಯಲ್ಲಿ ಮುದುಕಮ್ಮ ಊಟಮಾಡುತ್ತಿರುವಾಗ ಪರಸ್ಥಳದವನು ಕಿಟಕಿಯಿಂದ ಚಿತ್ರ ತೆಗೆದರೆ ನಾವು ಸಹಿಸುವೆವೇ? ರಾತ್ರಿ ಹತ್ತರ ಮೇಲೆ ಓಣಿಯಲ್ಲಿ ಗಟ್ಟಿಯಾಗಿ ಮಾತನಾಡದಿರುವುದು ಎರಡನೆಯದು. ಮೂರನೆಯದಾಗಿ, ನಮ್ಮ ಸಣ್ಣ ಹಣವು ಆ ಊರಿನಲ್ಲಿಯೇ ಬಾಳುವವರ ಕೈಗೆ ಸೇರಬೇಕು: ಬೀದಿಯ ಗಾಡಿಯಲ್ಲಿ ಉಪಾಹಾರ, ಮೂಲೆಯ ಅಂಗಡಿಯಲ್ಲಿ ಸಾಬೂನು, ಹೊಲಿಗೆಯವನಲ್ಲಿ ಹರಿದ ಅಂಗಿಯ ರಿಪೇರಿ. ಬೆನ್ನುಚೀಲವು ಚಿಕ್ಕದಾದುದರಿಂದ ಇದು ತಾನಾಗಿಯೇ ನಡೆಯುವುದು. ಸಕಲ ಸಾಮಗ್ರಿಗಳನ್ನೂ ಮನೆಯಿಂದ ಹೊತ್ತವನಿಗೆ ಊರಿನವರ ಹಂಗು ಬೇಡ. ಎರಡು ಜೊತೆ ಬಟ್ಟೆಯವನಿಗೆ ದಿನಕ್ಕೆ ನಾಲ್ಕು ಸಲವಾದರೂ ಯಾರನ್ನಾದರೂ ಕೇಳಬೇಕಾಗುವುದು. ಹಾಗೆ ಕೇಳುವುದರಿಂದಲೇ ಪರಿಚಯ, ಪರಿಚಯದಿಂದಲೇ ಸ್ನೇಹ.

ಅತಿಥಿಯೆಂಬ ಶಬ್ದವನ್ನು ವಿವರಿಸುವವರು, ಇಂಥ ತಿಥಿಯಲ್ಲಿ ಬರುವನೆಂಬ ನಿಯಮವಿಲ್ಲದವನೆಂದು ಅರ್ಥ ಹೇಳುವರು. ಬರುವ ತಿಥಿಗೆ ನಿಯಮವಿಲ್ಲದಿರಬಹುದು. ಬಂದ ಮೇಲಿನ ನಡತೆಗೆ ನಿಯಮವುಂಟು. ನಮ್ಮ ವಾಚಕರಲ್ಲಿ ಯಾರಾದರೂ ಅಡಿಕೆಯ ದ್ವೀಪಕ್ಕೆ ಹೋಗುವುದಾದರೆ, ಚೀಲವನ್ನು ತೂಗಿ ನೋಡಿ ಏಳು ಕಿಲೋಗ್ರಾಮಿಗಿಳಿಸಲಿ; ಕಾಕಿ ಲೀಮಾದಲ್ಲಿ ನಡೆಯುವಾಗ, ಅದು ಒಬ್ಬೊಬ್ಬರ ಮನೆಯ ಜಗಲಿಯೆಂಬುದನ್ನು ನೆನೆದು ಹೆಜ್ಜೆಯಿಡಲಿ; ಕುಳಿತಿರುವ ಹಿರಿಯರು ತಲೆಯೆತ್ತಿದರೆ ನಮಸ್ಕರಿಸಲಿ. ಉಳಿದುದನ್ನು ಆ ಊರಿನವರೇ ಕಲಿಸುವರು.