ಕನ್ನಡ ಸಂದೇಶಕ್ಕೆ ದುಪ್ಪಟ್ಟು ಶುಲ್ಕವೇಕೆ?

ಭದ್ರಾವತಿಯ ವರ್ತಕರು ಬಾಕಿ ನೆನಪಿಸಲು ಗ್ರಾಹಕರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳುಹಿಸಿದಾಗ ಶುಲ್ಕ ಇಮ್ಮಡಿಯಾಗುವುದುಂಟು. ಇದಕ್ಕಾಗಿ ಮೊಬೈಲ್ ರಿಪೇರಿ ಅಂಗಡಿಗೆ ಅಲೆಯುವುದು ವ್ಯರ್ಥ. ಒಂದು ಸಂದೇಶದಲ್ಲಿ ಇಂಗ್ಲಿಷಿಗೆ 160 ಸಂಕೇತಗಳ ಅವಕಾಶವಿದ್ದರೆ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಒತ್ತು, ಗುಣಿತಗಳಿಗೆ ಪ್ರತ್ಯೇಕ ಲೆಕ್ಕ: ‘ಭದ್ರಾವತಿ’ ಕಣ್ಣಿಗೆ ನಾಲ್ಕಕ್ಷರ, ಯಂತ್ರಕ್ಕೆ ಎಂಟು! ಮಿತಿ ಮೀರಿದೊಡನೆ ಸಂದೇಶವು 67 ಸಂಕೇತಗಳ ತುಂಡುಗಳಾಗಿ ಒಡೆಯುತ್ತದೆ, ಶುಲ್ಕ ತುಂಡಿಗಿಷ್ಟು. ಇಂಗ್ಲಿಷ್ ಸಂದೇಶದಲ್ಲಿ ₹ ಚಿಹ್ನೆಯೊಂದು ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ.

ಸಂಸ್ಥೆಯ ಹೆಸರಿನಲ್ಲಿ ಸಗಟಾಗಿ ಕಳುಹಿಸಿದ ಸಂದೇಶ ತಲುಪದಿದ್ದರೆ ಮೊದಲು ಒಕ್ಕಣೆಯನ್ನು ಪರಿಶೀಲಿಸಬೇಕು. ಟ್ರಾಯ್‌ನ 2018ರ ನಿಯಮಾವಳಿಯಂತೆ ಅದು ನೋಂದಾಯಿತ ಮಾದರಿಗೆ ಹೊಂದದಿದ್ದರೆ ದೂರವಾಣಿ ಕಂಪನಿಯೇ ತಡೆಯುತ್ತದೆ. 2021ರ ಮಾರ್ಚ್ 8ರಂದು ಈ ತಪಾಸಣೆ ಜಾರಿಗೆ ಬಂದಾಗ ಬ್ಯಾಂಕುಗಳ ಒಟಿಪಿಗಳೇ ಸಿಕ್ಕಿಬಿದ್ದವು. ಟ್ರಾಯ್ ಅದನ್ನು ಏಳು ದಿನ ಅಮಾನತಿನಲ್ಲಿಡಬೇಕಾಯಿತು.